ಏಪ್ರಿಲ್ ರಜೆಗೆ ಹಿಮ ಸಿಗುತ್ತಾ? ನಾಗ್ ಟಿಬ್ಬಾ, ಕೇದಾರಕಂಠ, ಚಂದ್ರಶಿಲಾ: ಕರಗುವ ಹೊತ್ತಿನಲ್ಲಿ ದಾರಿ ಹೇಗಿರುತ್ತದೆ?

ಸಿಂಧನೂರು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆಯ ಹೈಸ್ಕೂಲ್ ಮೇಷ್ಟ್ರು. ನಮಗೆ ರಜೆ ಸಿಗೋದೇ ಏಪ್ರಿಲ್ ಎರಡನೇ ವಾರದ ಮೇಲೆ. ಮನೆಯವರು, ಒಂಬತ್ತನೇ ಕ್ಲಾಸಿನ ಮಗಳು, ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು, ಇಷ್ಟು ಜನ ಉತ್ತರಾಖಂಡಕ್ಕೆ ಹೋಗಿ ಒಂದು ಸಣ್ಣ ಬೆಟ್ಟ ಹತ್ತಿ ಬರೋಣ ಅಂತ ಇದ್ದೇವೆ. ಮಗಳಿಗೆ ಹಿಮ ಮುಟ್ಟಬೇಕು, ಅಷ್ಟೇ. ಅವಳು ಇದುವರೆಗೆ ಕಂಡ ಐಸ್ ಅಂದರೆ ಆಲಿಕಲ್ಲು ಮತ್ತು ಫ್ರಿಜ್‌ನಲ್ಲಿದ್ದದ್ದು.

ನೋಡಿಟ್ಟಿರುವುದು ಮೂರು. ನಾಗ್ ಟಿಬ್ಬಾ (3,022 ಮೀಟರ್), ಕೇದಾರಕಂಠ (ಸುಮಾರು 3,800), ಇನ್ನೊಂದು ಚೋಪ್ತಾದಿಂದ ತುಂಗನಾಥ, ಅಲ್ಲಿಂದ ಚಂದ್ರಶಿಲಾ (ಸುಮಾರು 4,000). ಏಪ್ರಿಲ್ ನಡುವಿಗೆ ಹಿಮ ಉಳಿದಿರುತ್ತಾ, ಇಲ್ಲಾ ಬರೀ ಕೆಸರಾ? ಒಬ್ಬರು "ಏಪ್ರಿಲ್ ಬಲು ಸುಲಭ ಸರ್, ಚಪ್ಪಲಿಯಲ್ಲೂ ಹತ್ತಬಹುದು" ಅಂದರು. ಇನ್ನೊಬ್ಬರು "ಕರಗುವಾಗಲೇ ಡೇಂಜರ್ ಜಾಸ್ತಿ" ಅಂದರು. ಯಾರ ಮಾತು ನಂಬಬೇಕು?

ಮಿರ್ಚಿ ಒಗ್ಗರಣಿ
ಚಪ್ಪಲಿ ಅಂದವರ ನಂಬರ್ ಮೊದಲು ಬ್ಲಾಕ್ ಮಾಡಿ ಸರ್.

ರಾಯಚೂರು ಬಿಸಿಲು
ಏಪ್ರಿಲ್‌ನಲ್ಲಿ ಏನೂ ಇರೋದಿಲ್ಲ. ಸುಮ್ನೆ ದುಡ್ಡು ದಂಡ. ಡಿಸೆಂಬರ್‌ನಲ್ಲಿ ಹೋಗಿ, ಇಲ್ಲಾಂದ್ರೆ ಮನಾಲಿಗೆ ಹೋಗಿ ಗಾಡಿಯಲ್ಲಿ ಹಿಮದ ತನಕ ಕರ್ಕೊಂಡು ಹೋಗ್ತಾರೆ, ಫೋಟೋ ತೆಗೆದು ಬನ್ನಿ. ಮಗಳು ಖುಷಿ, ನೀವೂ ಖುಷಿ.

ಸಂಡೂರ ಗುಡ್ಡದವ
ಬಿಸಿಲು ಅಣ್ಣಾ, ಡಿಸೆಂಬರ್‌ನಲ್ಲಿ ಮೇಷ್ಟ್ರಿಗೆ ಯಾರು ರಜೆ ಕೊಡ್ತಾರೆ?

ಮೇಷ್ಟ್ರೇ, ನಿಮಗೆ ಹೇಳಿದ ಇಬ್ಬರೂ ಅರ್ಧರ್ಧ ಸರಿ. ಮೊದಲು ಬೆಟ್ಟದ ವಿಷಯ. ಮೂರರಲ್ಲಿ ನಾಗ್ ಟಿಬ್ಬಾ ತಗ್ಗು. ಏಪ್ರಿಲ್ ನಡುವಿಗೆ ಅಲ್ಲಿ ಹಿಮ ಅಂದರೆ ಮರದ ನೆರಳಲ್ಲಿ ಅಲ್ಲೊಂದು ಇಲ್ಲೊಂದು ತೇಪೆ, ಕೆಲವು ವರ್ಷ ಅದೂ ಇರುವುದಿಲ್ಲ. ಕೇದಾರಕಂಠದ ಮೇಲಿನ ಭಾಗದಲ್ಲಿ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಕೆಳಗಿನ ಕಾಡುದಾರಿ ಪೂರ್ತಿ ಒದ್ದೆ ಎಲೆ, ಬೇರು, ಕೆಸರು. ಚಂದ್ರಶಿಲಾದಲ್ಲಿ ಸಿಗುವ ಚಾನ್ಸ್ ಮೂರರಲ್ಲೂ ಹೆಚ್ಚು. ಚೋಪ್ತಾ ಇರುವುದೇ 2,700 ಮೀಟರ್ ಹತ್ತಿರ, ರಸ್ತೆ ಅಲ್ಲಿಯ ತನಕ ಹೋಗುತ್ತದೆ. ತುಂಗನಾಥ 3,680. ಗುಡಿಯಿಂದ ಚಂದ್ರಶಿಲಾಕ್ಕೆ ಏರುವ ಕೊನೆಯ ತುಂಡಿನಲ್ಲಿ ಹಿಮ ತಡವಾಗಿ ಕರಗುತ್ತದೆ.

ಇನ್ನು ದಾರಿ. ಯಾವ ವಾರ ಹೋಗ್ತೀರಿ ಅನ್ನೋದಕ್ಕಿಂತ ದಿನದ ಯಾವ ಹೊತ್ತಿನಲ್ಲಿ ನಡೀತೀರಿ ಅನ್ನೋದು ಮುಖ್ಯ. ಹಗಲು ಬಿಸಿಲಿಗೆ ಹಿಮದ ಮೇಲ್ಪದರ ಕರಗಿ ನೀರಾಗುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಗಟ್ಟಿ ಹಲಗೆಯಾಗುತ್ತದೆ. ಮತ್ತೆ ಹಗಲು ಕರಗು, ರಾತ್ರಿ ಗಟ್ಟಿ. ಬೆಳಗಿನ ಜಾವ ಅದರ ಮೇಲೆ ಕರ್ ಕರ್ ಅಂತ ಸದ್ದು ಮಾಡುತ್ತಾ ಆರಾಮಾಗಿ ನಡೆಯಬಹುದು, ಕಾಲು ಹುಗಿಯುವುದಿಲ್ಲ. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ ಮೊಣಕಾಲು ಮಟ ಇಳಿಯುತ್ತೀರಿ. ಅದಕ್ಕೇ ಒಬ್ಬರು ಸುಲಭ ಅಂದದ್ದು, ಇನ್ನೊಬ್ಬರು ಡೇಂಜರ್ ಅಂದದ್ದು. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬಂದಿರುತ್ತಾರೆ.

ಗಂಗಾವತಿ ಭತ್ತ
ಮೊಣಕಾಲು ಮಟ ಅಂದರೆ ನಾಟಿ ಗದ್ದೆ ಇದ್ದ ಹಾಗೆ. ಒಂದು ಕಾಲು ಕೀಳಬೇಕಾದರೆ ಇನ್ನೊಂದು ಕಾಲು ಇಳಿಯುತ್ತೆ. ನಮ್ಮ ಕಡೆಯವರಿಗೆ ಅಭ್ಯಾಸ ಇದೆ ಬಿಡಿ 😄

ಸಂಡೂರ ಗುಡ್ಡದವ
ಗದ್ದೆಯಲ್ಲಿ ಕೆಳಗೆ ಕಲ್ಲಿನ ಸಂದು ಇರೋದಿಲ್ಲವಲ್ಲ ಅಣ್ಣಾ. ಇಲ್ಲಿ ಹಿಮದ ಕೆಳಗೆ ಏನಿದೆ ಅಂತ ಕಾಣೋದಿಲ್ಲ. ಬಂಡೆಯ ಪಕ್ಕ, ಮರದ ಬುಡದಲ್ಲಿ ಹಿಮ ಒಳಗಿಂದ ಬೇಗ ಕರಗಿ ಪೊಳ್ಳಾಗಿರುತ್ತದೆ. ಬಂಡೆ ಬಿಸಿಲಿಗೆ ಕಾಯುತ್ತದಲ್ಲ, ಅದಕ್ಕೆ. ಮೇಲಿಂದ ನೋಡಿದರೆ ಚೊಕ್ಕ ಬಿಳಿ. ಕಾಲಿಟ್ಟರೆ ತೊಡೆ ತನಕ ಒಳಗೆ, ಪಾದ ಎರಡು ಕಲ್ಲಿನ ನಡುವೆ. ಮೈಭಾರ ಮುಂದಕ್ಕೆ ಬಿತ್ತು ಅಂದರೆ ಮೂಳೆ ಹೋಯಿತು. ಕಲ್ಲು ತಲೆ ಎತ್ತಿರುವ ಕಡೆ ಅದರಿಂದ ಒಂದು ಮಾರು ದೂರ ನಡೆಯಬೇಕು.

ಕೊಪ್ಪಳದಾಕಿ
ನಾನು ಚೋಪ್ತಾಕ್ಕೆ ಏಪ್ರಿಲ್‌ನಲ್ಲೇ ಹೋಗಿದ್ದೆ, ಅಕ್ಕ ಭಾವನ ಜೊತೆ. ಕಂಡದ್ದನ್ನು ಹೇಳುತ್ತೇನೆ.

ಚೋಪ್ತಾದಿಂದ ತುಂಗನಾಥದ ತನಕ ಕಲ್ಲು ಹಾಸಿದ ದಾರಿ, ಮೂರೂವರೆ ಕಿಲೋಮೀಟರ್ ಆಸುಪಾಸು. ಕೆಳಗೆ ಹಿಮವೇ ಇಲ್ಲ, ಕೆಂಪು ಬುರಾಂಶ್ ಹೂ ಬಿಟ್ಟು ಕಾಡೆಲ್ಲ ರಂಗೇರಿತ್ತು. (ಅದು ಉತ್ತರಾಖಂಡದ ರಾಜ್ಯ ಮರ. ಹೂವಿನ ಶರಬತ್ತು ಮಾರುತ್ತಾರೆ, ಕುಡಿಯಿರಿ.) ಸ್ವಲ್ಪ ಮೇಲೆ ಹೋದ ಮೇಲೆ ತಿರುವುಗಳಲ್ಲಿ ಹಿಮದ ರಾಶಿ ಶುರು. ನನಗೆ ತ್ರಾಸ ಕೊಟ್ಟದ್ದು ಆ ರಾಶಿ ಅಲ್ಲ. ಮೇಲೆ ಕರಗಿದ ನೀರು ಹಿಂದಿನ ದಿನ ಸಂಜೆ ಕಲ್ಲಿನ ಮೇಲೆ ಹರಿದು ರಾತ್ರಿ ತೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಗಾಜಿನಂತೆ ತಿಳಿ, ಕೆಳಗಿನ ಕಲ್ಲೇ ಕಾಣುತ್ತದೆ, ಆದ್ದರಿಂದ ಬರೀ ಒದ್ದೆ ಕಲ್ಲು ಅಂದ್ಕೊಂಡು ಕಾಲಿಡ್ತೀವಿ. ಭಾವ ಎರಡು ಸಲ ಕುಂಡಿ ಮೇಲೆ ಕೂತರು. ಕೋಲಿನ ತುದಿಯಿಂದ ಕುಟ್ಟಿ ನೋಡಿದರೆ ಟಣ್ ಅಂತ ಸದ್ದು, ಆಮೇಲೆ ಗೊತ್ತಾಯಿತು.

ಇನ್ನೊಂದು. ಜನ ತುಳಿದು ತುಳಿದು ಗಟ್ಟಿಯಾದ ನಡುದಾರಿಯ ಹಿಮ ಎಲ್ಲಕ್ಕಿಂತ ಕೊನೆಗೆ ಕರಗುತ್ತದೆ. ಎರಡೂ ಬದಿ ಹುಲ್ಲು ಕಾಣುತ್ತಿರುತ್ತದೆ, ನಡುವೆ ಮಾತ್ರ ಮಾಸಲು ಬಣ್ಣದ ಐಸ್‌ನ ಒಂದು ದಿಂಡು. ಎಲ್ಲರೂ ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೀತಾರೆ, ಅಲ್ಲಿ ಕೆಸರಾಗಿ ದಾರಿ ಇನ್ನೂ ಅಗಲ ಆಗುತ್ತೆ, ಹುಲ್ಲುಗಾವಲು ಹಾಳಾಗುತ್ತೆ. ದಯವಿಟ್ಟು ಬೂಟಿಗೆ ಸ್ಪೈಕ್ (ಐಸ್ ಮೇಲೆ ಹಿಡಿತ ಕೊಡುವ ಮೊಳೆಗಳ ಪಟ್ಟಿ) ಹಾಕಿಕೊಂಡು ನಡುವೆಯೇ ನಡೆಯಿರಿ.

ರಾಯಚೂರು ಬಿಸಿಲು
ಅಂದರೆ ಹಿಮ ಇತ್ತು ಅಂತಾಯ್ತು. ಸರಿ, ಒಂದು ವರ್ಷ ಇತ್ತು. ಪ್ರತಿ ವರ್ಷ ಇರುತ್ತೆ ಅಂತ ಏನು ಗ್ಯಾರಂಟಿ?

ಕೊಪ್ಪಳದಾಕಿ
ಗ್ಯಾರಂಟಿ ಯಾರು ಕೊಟ್ಟರು ರೀ? ಫೆಬ್ರವರಿ, ಮಾರ್ಚ್‌ನಲ್ಲಿ ಪಶ್ಚಿಮದಿಂದ ಬರುವ ಮಳೆಗಾಳಿ ಎಷ್ಟು ಸುರಿಯುತ್ತೋ ಅದರ ಮೇಲೆ ಹೋಗುತ್ತೆ. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬನ್ಸ್ ಅಂತಾರಲ್ಲ, ಅದೇ. ಅದಕ್ಕೇ ಹೊರಡುವ ವಾರದ ಮುಂಚೆ ಅಲ್ಲಿನ ಹೋಂಸ್ಟೇಗೆ ಫೋನ್ ಮಾಡಿ, ಇವತ್ತು ತೆಗೆದ ಫೋಟೋ ಕಳಿಸಿ ಅಂತ ಕೇಳಬೇಕು. ಟ್ರೆಕ್ ಕಂಪನಿಯವರನ್ನು ಕೇಳಿದರೆ ಜನವರಿಯ ಫೋಟೋ ಕಳಿಸ್ತಾರೆ. ನನಗೂ ಒಂದು ಕಡೆಯಿಂದ ಹಾಗೇ ಬಂದಿತ್ತು, ಗಿಡದ ಮೇಲೆಲ್ಲ ಬಿಳಿ. ಏಪ್ರಿಲ್ ಬ್ಯಾಚಿನ ಜಾಹೀರಾತಿಗೆ!

ವಿಜ್ಞಾನ ಟೀಚರ್ ಮಸ್ಕಿ
ಮೇಷ್ಟ್ರೇ, ಮಗಳಿಗೆ ಹೋಗುವ ಮುಂಚೆ ಒಂದು ಪಾಠ ಮಾಡಿಸಿ. ಬಿಸಿಲು ಬಿದ್ದ ಕೂಡಲೇ ಹಿಮ ಯಾಕೆ ಮಾಯ ಆಗೋದಿಲ್ಲ ಅಂತ ನಮ್ಮ ಮಕ್ಕಳೂ ಕೇಳ್ತಾರೆ. ಸೊನ್ನೆ ಡಿಗ್ರಿಯ ಒಂದು ಕೆಜಿ ಮಂಜುಗಡ್ಡೆಯನ್ನು ಬರೀ ನೀರಾಗಿಸಲು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಅದೂ ಅಲ್ಲದೆ ಹೊಸ ಹಿಮ ಬಿದ್ದ ಬೆಳಕಿನಲ್ಲಿ 80ರಿಂದ 90 ಪರ್ಸೆಂಟ್ ವಾಪಸ್ ಕಳಿಸಿಬಿಡುತ್ತೆ. ಹಳೆಯದಾಗಿ, ಧೂಳು ಕೂತು ಮಾಸಿದ ಹಿಮ ಜಾಸ್ತಿ ಬಿಸಿಲು ಕುಡಿದು ಬೇಗ ಕರಗುತ್ತದೆ.

ಉತ್ತರದ ಮಗ್ಗುಲಲ್ಲಿ ಹಿಮ ಉಳಿಯುತ್ತೆ ಅಂತ ಅಲ್ಲಿನ ಬೆಟ್ಟದ ಜನ ಹೇಳಿದರೆ ನಮ್ಮ ಕಡೆಯವರಿಗೆ ತಟ್ಟನೆ ಅರ್ಥ ಆಗೋದಿಲ್ಲ. ಯಾಕೆಂದರೆ ಬಳ್ಳಾರಿ ಇರೋದು 15 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಗುಡ್ಡದ ಯಾವ ಮಗ್ಗುಲಿಗೂ ನೆರಳಿಲ್ಲ. ಚೋಪ್ತಾ 30 ಡಿಗ್ರಿಯ ಮೇಲೆ. ಅಲ್ಲಿ ಸೂರ್ಯ ಯಾವಾಗಲೂ ಸ್ವಲ್ಪ ದಕ್ಷಿಣಕ್ಕೇ ಇರುತ್ತಾನೆ. ದಕ್ಷಿಣದ ಮಗ್ಗುಲು ಮಾರ್ಚ್‌ನಲ್ಲೇ ಬೋಳಾದರೂ ಅದೇ ಬೆಟ್ಟದ ಉತ್ತರದ ಮಗ್ಗುಲಲ್ಲಿ ಹಿಮ ಹಾಗೇ ಕೂತಿರುತ್ತದೆ.

ಮಿರ್ಚಿ ಒಗ್ಗರಣಿ
ಸಂಡೂರಿನ ಅದಿರು ಲಾರಿ ಒಂದು ನಾಲ್ಕು ಅಲ್ಲಿಗೆ ಕಳಿಸಿದರೆ ಕೆಂಪು ಧೂಳಿಗೆ ಹಿಮಾಲಯ ಒಂದು ವಾರದಲ್ಲಿ ಖಾಲಿ.

ಸಂಡೂರ ಗುಡ್ಡದವ
ನಗಬೇಡ ತಮ್ಮಾ, ನಮ್ಮ ಮನೆ ಗಿಡದ ಎಲೆ ಇನ್ನೂ ಕೆಂಪಗೇ ಇವೆ.

ಕೌಲ್ ಬಜಾರ್ ಹುಡುಗ
ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ನಾನು ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡುವವನು, ನಾನೇ ಹೇಳ್ತಿದೀನಿ ಕೇಳಿ: ಹಿಮಕ್ಕೆ ಜೀನ್ಸ್ ಹಾಕ್ಕೊಂಡು ಹೋಗಬೇಡಿ. ಡೆನಿಮ್ ಅಂದರೆ ದಪ್ಪ ಹತ್ತಿ ಬಟ್ಟೆ. ವಾಷಿಂಗ್ ಮಾಡಿ ತೆಗೆದ ಪ್ಯಾಂಟು ಎಷ್ಟು ಭಾರ ಇರುತ್ತೆ ಅಂತ ನಮಗೆ ಗೊತ್ತು, ಸೊಂಟದ ಪಟ್ಟಿ, ಜೇಬಿನ ಹೊಲಿಗೆ ನಮ್ಮ ಬಿಸಿಲಿಗೂ ಬೇಗ ಒಣಗೋದಿಲ್ಲ. ಅಲ್ಲಿ ಮೊಣಕಾಲು ಮಟ ಹಿಮದಲ್ಲಿ ನಡೆದರೆ ಪೂರ್ತಿ ನೀರು ಹೀರಿ ಕಾಲಿಗೆ ಅಂಟಿಕೊಂಡು ಮೈ ಬಿಸಿ ಎಲ್ಲಾ ಎಳ್ಕೊಳ್ಳುತ್ತೆ, ಸಂಜೆಗೆ ಹಲಗೆ ಥರ ಬಿಗಿಯುತ್ತೆ. ಸಿಂಥೆಟಿಕ್ ಟ್ರ್ಯಾಕ್ ಪ್ಯಾಂಟು ಸಾಕು. ಒಳಗೆ ಒಂದು ಥರ್ಮಲ್. ಕಾಲ್ಚೀಲ ಉಣ್ಣೆಯದ್ದು, ಹತ್ತಿಯದ್ದಲ್ಲ. ನಮ್ಮ ಯೂನಿಟ್‌ಗೆ ಲಾಸ್ ಆದರೂ ಪರವಾಗಿಲ್ಲ.

ಸಿಂಧನೂರು ಮೇಷ್ಟ್ರು
ಅಯ್ಯೋ, ಮೊನ್ನೆ ತಾನೇ ಬಳ್ಳಾರಿಯಿಂದ ಎರಡು ಜೀನ್ಸ್ ತಂದೆ, ಟ್ರಿಪ್ಪಿಗೆ ಅಂತಲೇ! ಸರಿ, ರೈಲಲ್ಲಿ ಹಾಕ್ಕೊಳ್ಳೋಣ.

ಒಂದು ವಿಷಯ ಸ್ಪಷ್ಟ ಮಾಡಿ. ಬೆಳಿಗ್ಗೆ ನಡೆಯಬೇಕು ಅಂತ ಒಬ್ಬರು, ಬೆಳಿಗ್ಗೆ ಜಾರುತ್ತೆ ಅಂತ ಇನ್ನೊಬ್ಬರು. ಎಷ್ಟು ಗಂಟೆಗೆ ಹೊರಡಬೇಕು?

ಸಂಡೂರ ಗುಡ್ಡದವ
ನಾಲ್ಕು ಗಂಟೆಗೆ. ಸೂರ್ಯೋದಯಕ್ಕೆ ಚಂದ್ರಶಿಲಾ ಮೇಲೆ ಇರಬೇಕು.

ಕೊಪ್ಪಳದಾಕಿ
ಇಲ್ಲ ಇಲ್ಲ. ಗುಡ್ಡದವರೇ, ನೀವು ಒಬ್ಬರೇ ಹೋಗುವವರು, ಸ್ಪೈಕ್ ಹಾಕಿ ನಡೆದು ರೂಢಿ ಇರುವವರು. ಇವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಹೋಗ್ತಿದ್ದಾರೆ. ನಾಲ್ಕು ಗಂಟೆಯ ಕತ್ತಲಲ್ಲಿ, ಟಾರ್ಚ್ ಬೆಳಕಲ್ಲಿ, ಆ ತಿಳಿ ಐಸ್ ಕಾಣುತ್ತಾ? ಇಳಿಜಾರಿನ ಗಟ್ಟಿ ಹಿಮದ ಮೇಲೆ ಜಾರಿದರೆ ನಿಲ್ಲೋದಕ್ಕೆ ಹಿಡಿತ ಸಿಗೋದಿಲ್ಲ. ಮೆತ್ತಗಿನ ಹಿಮದಲ್ಲಿ ಬಿದ್ದರೆ ಎದ್ದು ಕೊಡವಿಕೊಂಡು ನಗಬಹುದು.

ಸಂಡೂರ ಗುಡ್ಡದವ
ಸ್ಪೈಕ್ ಬಾಡಿಗೆಗೆ ಸಿಗುತ್ತದೆ ಅಲ್ವಾ? ಚೋಪ್ತಾದಲ್ಲೂ ಸಿಗುತ್ತದೆ, ಕೇದಾರಕಂಠಕ್ಕೆ ಹೊರಡುವ ಸಾಂಕ್ರಿಯಲ್ಲೂ ಸಿಗುತ್ತದೆ. ಹಾಕಿಕೊಂಡರೆ ಗಟ್ಟಿ ಹಿಮದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ನೀವು ಹೇಳಿದ ಹಾಗೆ ಎಂಟಕ್ಕೆ ಹೊರಟರೆ ವಾಪಸ್ ಬರುವಾಗ ಮಧ್ಯಾಹ್ನ ಆಗಿ ಹಿಮ ಪೂರ್ತಿ ಕೊಳೆತಿರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಆಲಿಕಲ್ಲು ಬೀಳುವುದೂ ಅಲ್ಲಿ ಏಪ್ರಿಲ್‌ನಲ್ಲಿ ಮಾಮೂಲು.

ಕೊಪ್ಪಳದಾಕಿ
ಎಂಟಕ್ಕೆ ಅಂತ ನಾನು ಎಲ್ಲಿ ಹೇಳಿದೆ? ಆರೂವರೆ ಅಂತೀನಿ. ಬೆಳಕಾದ ಮೇಲೆ ಕೆಳಗಿನ ಕಲ್ಲುದಾರಿ. ಹಿಮ ಬರುವ ಹೊತ್ತಿಗೆ ಬಿಸಿಲು ಬಿದ್ದು ಮೇಲಿನ ಒಂದು ಬೆರಳಷ್ಟು ಸಡಿಲ ಆಗಿರುತ್ತೆ, ಬೂಟಿಗೆ ಹಿಡಿತ ಸಿಗುತ್ತೆ, ಕೆಳಗೆ ಇನ್ನೂ ಗಟ್ಟಿ. ಒಂಬತ್ತೂವರೆಯೊಳಗೆ ತುಂಗನಾಥ ದಾಟಬೇಕು. ಆಗದಿದ್ದರೆ ಗುಡಿ ಮುಂದೆ ಕೂತು ರೊಟ್ಟಿ ತಿಂದು ವಾಪಸ್. ಹನ್ನೆರಡಕ್ಕೆ ಚೋಪ್ತಾದಲ್ಲಿ ಮ್ಯಾಗಿ. ಹೆಜ್ಜೆ ಗುರುತಿನ ಅಂಚು ಒದ್ದೆಯಾಗಿ ಹೊಳೆಯೋಕೆ ಶುರುವಾಯಿತು ಅಂದರೆ ತಿರುಗಬೇಕು, ಆಗ ಗಂಟೆ ಎಷ್ಟೇ ಆಗಿರಲಿ.

ಸಂಡೂರ ಗುಡ್ಡದವ
ಕುಟುಂಬಕ್ಕೆ ಆರೂವರೆ, ಒಪ್ಪಿದೆ. ಆದರೂ ಸ್ಪೈಕ್ ತೆಗೆದುಕೊಂಡೇ ಹೋಗಲಿ.

ಇನ್ನೊಂದು ಸೇರಿಸಿ. ರಾತ್ರಿ ಆಕಾಶ ನೋಡಬೇಕು. ನಕ್ಷತ್ರ ಚೆನ್ನಾಗಿ ಕಂಡರೆ ನೆಲದ ಶಾಖ ಎಲ್ಲಾ ಮೇಲೆ ಹೋಗಿ ಹಿಮ ಗಟ್ಟಿಯಾಗುತ್ತದೆ. ಮೋಡ ಮುಚ್ಚಿದ್ದರೆ ಶಾಖ ಹೋಗೋದಿಲ್ಲ, ಹಿಮ ಹೆಪ್ಪುಗಟ್ಟೋದಿಲ್ಲ, ಬೆಳಿಗ್ಗೆ ಆರಕ್ಕೇ ಕಾಲು ಹುಗಿಯೋಕೆ ಶುರು. ಅಂಥ ದಿನ ಕಡಿದಾದ ಇಳಿಜಾರಿನ ಕೆಳಗೆ ಹೋಗಲೇಬಾರದು. ನೆಂದು ಭಾರವಾದ ಹಿಮ ಜಾರಿ ಬರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹಿಮಕುಸಿತ ಜಾಸ್ತಿ ಅಂತ ಪರ್ವತಾರೋಹಣ ಕಲಿಸುವವರು ಹೇಳ್ತಾರೆ. ರಕ್ಷಣಾ ಇಲಾಖೆಯ ಡಿಜಿಆರ್‌ಇ ಅನ್ನುವ ಸಂಸ್ಥೆ ಚಂಡೀಗಢದಿಂದ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಜಿಲ್ಲೆವಾರು. ಹೋಗುವ ಮುಂಚೆ ನೋಡಿ.

ರಾಯಚೂರು ಬಿಸಿಲು
ಇಷ್ಟೆಲ್ಲಾ ಹೆದರಿಸಿದರೆ ಮೇಷ್ಟ್ರು ಮಂತ್ರಾಲಯಕ್ಕೆ ಹೋಗಿ ಬರ್ತಾರೆ ನೋಡಿ. ಸಣ್ಣ ಬೆಟ್ಟ ಅದು, ಮುದುಕರು ಮಕ್ಕಳು ಹತ್ತುತ್ತಾರೆ. ಎವರೆಸ್ಟಾ?

ಕೋಟೆ ಕೊತ್ತಲ
ಬಿಸಿಲು ಅವರೇ, ಸಣ್ಣದು ಅನ್ನೋ ಮಾತು ಬೇಡ. 2024ರ ಜೂನ್‌ನಲ್ಲಿ ಉತ್ತರಾಖಂಡದ್ದೇ ಸಹಸ್ರತಾಲ್‌ಗೆ ನಮ್ಮ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಹೋದರು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ಉಳಿದವರನ್ನು ಕರೆತರಬೇಕಾಯಿತು. ಅದು ಇದಕ್ಕಿಂತ ಎತ್ತರದ, ಉದ್ದದ ಟ್ರೆಕ್, ಒಪ್ಪುತ್ತೇನೆ. ಆದರೆ ಜೂನ್ ತಿಂಗಳು. ನಮ್ಮಲ್ಲಿ ಮುಂಗಾರು ಬಿತ್ತನೆ ನಡೆಯುವ ಹೊತ್ತು. ಅನುಭವ ಇದ್ದವರೇ ಹೋಗಿದ್ದರು.

ರಾಯಚೂರು ಬಿಸಿಲು
ಅದು ಗೊತ್ತು. ಆ ಸುದ್ದಿ ಓದಿದಾಗ ಬೇಜಾರಾಗಿತ್ತು. ನಾನು ಹೇಳಿದ್ದು ತುಂಗನಾಥದ ಕಲ್ಲುದಾರಿ ಬಗ್ಗೆ ಮಾತ್ರ.

ಕಂಪ್ಲಿ ಫಾರ್ಮಸಿ
ಔಷಧಿ ಅಂಗಡಿಯಿಂದ ಎರಡು ಮಾತು. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಜಿಮ್ ಮಾಡಿದವರಿಗೂ. ಋಷಿಕೇಶದಿಂದ ಒಂದೇ ದಿನ ಚೋಪ್ತಾಕ್ಕೆ ಹೋಗಿ ಮರುದಿನ ಬೆಳಿಗ್ಗೆಯೇ ಹತ್ತಬೇಡಿ. ನಡುವೆ ಊಖೀಮಠದಲ್ಲೋ ಸಾರಿ ಹಳ್ಳಿಯಲ್ಲೋ ಒಂದು ರಾತ್ರಿ ತಂಗಿ. ಸಾರಿಯಿಂದ ದೇವರಿಯಾ ತಾಲ್ ಅನ್ನೋ ಕೆರೆ ನೋಡಿ ಬಂದರೆ ಕಾಲಿಗೂ ಅಭ್ಯಾಸ, ಎದೆಗೂ ಅಭ್ಯಾಸ. ತಲೆನೋವು, ವಾಂತಿ ಬಂದಂತೆ, ತಲೆ ತಿರುಗುವುದು ಶುರುವಾದರೆ ಮೇಲೆ ಹೋಗಬಾರದು. ಕಡಿಮೆ ಆಗದಿದ್ದರೆ ಕೆಳಗೆ ಇಳಿಯಬೇಕು. ಇದಕ್ಕೆ ಅಂತ ಡೈಮಾಕ್ಸ್ ಮಾತ್ರೆ ಕೇಳ್ಕೊಂಡು ಬರ್ತಾರೆ. ಸಲ್ಫಾ ಅಲರ್ಜಿ ಇದ್ದವರಿಗೆ ಅದು ತೊಂದರೆ ಕೊಡಬಹುದು. ಡಾಕ್ಟರ್ ಕೇಳದೆ ನುಂಗಬೇಡಿ.

ಕಪ್ಪು ಕನ್ನಡಕ ಮರೆಯಬೇಡಿ. ಸಾವಿರ ಮೀಟರ್ ಮೇಲೆ ಹೋದಂತೆ ಅಲ್ಟ್ರಾವಯಲೆಟ್ ಕಿರಣ ಸುಮಾರು 10 ಪರ್ಸೆಂಟ್ ಜಾಸ್ತಿ, ಮೇಲಿಂದ ಹಿಮದ ಪ್ರತಿಫಲನ ಬೇರೆ. ಕಣ್ಣು ಸುಟ್ಟದ್ದು ಆಗಲೇ ಗೊತ್ತಾಗೋದಿಲ್ಲ. ಕೆಲವು ಗಂಟೆ ಬಿಟ್ಟು ಮರಳು ಬಿದ್ದಂಥ ಉರಿ, ನೀರು ಸುರಿಯೋದು. ಮೂಗಿನ ಕೆಳಗೆ, ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ, ಬೆಳಕು ಕೆಳಗಿಂದ ಹೊಡೆಯುತ್ತೆ.

ಮಿರ್ಚಿ ಒಗ್ಗರಣಿ
ಸ್ವಲ್ಪ ರಮ್ ತಗೊಂಡರೆ ಬೆಚ್ಚಗೆ ಅಂತಾರಲ್ಲ ಅಣ್ಣಾ?

ಕಂಪ್ಲಿ ಫಾರ್ಮಸಿ
ಬೆಚ್ಚಗೆ ಅನ್ನಿಸುತ್ತೆ ಅಷ್ಟೇ. ಚರ್ಮದ ರಕ್ತನಾಳ ಅಗಲ ಆಗಿ ಒಳಗಿನ ಬಿಸಿ ಹೊರಗೆ ಹೋಗುತ್ತೆ. ಮೈ ಇನ್ನೂ ತಣ್ಣಗಾಗುತ್ತೆ. ಮೇಷ್ಟ್ರ ಪೋಸ್ಟಿನಲ್ಲಿ ಇದೆಲ್ಲಾ ಬೇಡ ತಮ್ಮಾ.

ಗಂಗಾವತಿ ಭತ್ತ
ನನಗೆ ಒಂದು ಡೌಟು. ಹಿಮ ಕರಗಿದ ನೀರೆಲ್ಲ ಹೊಳೆಗೆ ಬರುತ್ತಲ್ಲ, ಹಾಗಾದರೆ ಏಪ್ರಿಲ್ ಮೇನಲ್ಲಿ ಅಲ್ಲಿ ಹೊಳೆ ತುಂಬಿರುತ್ತಾ? ನಮ್ಮ ಡ್ಯಾಂ ಆ ಹೊತ್ತಿಗೆ ತಳ ಕಾಣುತ್ತಿರುತ್ತೆ, ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲವೋ ಅಂತ ಮಾರ್ಚ್ ತನಕ ಕಾಯೋದೇ ಆಯಿತು.

ವಿಜ್ಞಾನ ಟೀಚರ್ ಮಸ್ಕಿ
ಹೌದು. ತುಂಗಭದ್ರೆಗೆ ಘಟ್ಟದ ಮಳೆಯೇ ಗತಿ, ಹಿಮದ ನೀರು ಇಲ್ಲ. ಗಂಗಾ, ಯಮುನಾ ಕಡೆ ಬೇಸಿಗೆಯಲ್ಲಿ ಬಿಸಿಲು ಏರಿದಷ್ಟೂ ಮೇಲಿನ ಹಿಮ ಕರಗಿ ಹೊಳೆ ಹರಿಯುತ್ತೆ, ಆಮೇಲೆ ಮಳೆಗಾಲದ ನೀರು ಸೇರುತ್ತೆ.

ಸಂಡೂರ ಗುಡ್ಡದವ
ಅದನ್ನೇ ದಾರಿಗೆ ಹೊಂದಿಸಿ ನೋಡಿ ಭತ್ತ ಅಣ್ಣಾ. ಬೆಟ್ಟದ ಸಣ್ಣ ಹಳ್ಳ ಬೆಳಿಗ್ಗೆ ಹಿಮ್ಮಡಿ ಮಟ ಇರುತ್ತದೆ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿ ಹೋಗ್ತೀರಿ. ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದರೆ ಅದೇ ಹಳ್ಳ ಮೊಣಕಾಲು ದಾಟಿರುತ್ತದೆ, ಬೆಳಿಗ್ಗೆ ಕಾಲಿಟ್ಟ ಕಲ್ಲು ನೀರಿನೊಳಗೆ. ಮಳೆ ಒಂದು ಹನಿ ಬಿದ್ದಿರೋದಿಲ್ಲ. ಹಿಮ ಹಳ್ಳದ ಮೇಲೆ ಮುಚ್ಚಿಕೊಂಡಿದ್ದರೆ ಇನ್ನೂ ಮೋಸ. ಕೆಳಗೆ ನೀರಿನ ಸದ್ದು ಕೇಳಿಸುತ್ತಿದೆ ಅಂದರೆ ಅದರ ಮೇಲೆ ನಡೆಯಬೇಡಿ. ಮೇಲೋ ಕೆಳಗೋ ಸುತ್ತು ಹಾಕಿ.

ಕುಡಿಯೋ ನೀರು
ನಮ್ಮ ಓಣಿಗೆ ನಲ್ಲಿ ನೀರು ಬಂದು ಎಷ್ಟೋ ದಿನ ಆಯಿತು. ಇಲ್ಲಿ ಹಿಮದ ಚರ್ಚೆ ನಡೀತಿದೆ. ಭೇಷ್.

ಮಿರ್ಚಿ ಒಗ್ಗರಣಿ
ಮೇಷ್ಟ್ರೇ, ವಾಪಸ್ ಬರುವಾಗ ಒಂದು ಕ್ಯಾನ್ ಹಿಮ ತಂದು ಇವರ ಓಣಿಗೆ ಕೊಡಿ.

ಸಿಂಧನೂರು ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ, ಚೋಪ್ತಾ ಫಿಕ್ಸ್ ಆಯಿತು. ಇನ್ನು ತಯಾರಿ. ಇಲ್ಲಿ ಎಲ್ಲಿ ಹತ್ತಿ ಅಭ್ಯಾಸ ಮಾಡಬೇಕು? ಹೊಟ್ಟೆ ಸ್ವಲ್ಪ ಮುಂದಿದೆ.

ಕೋಟೆ ಕೊತ್ತಲ
ಅಂಜನಾದ್ರಿ. 575 ಮೆಟ್ಟಿಲು. ಬೆನ್ನಿಗೆ ಬ್ಯಾಗ್ ಹಾಕಿ, ಅದರಲ್ಲಿ ನೀರಿನ ಬಾಟಲಿ ತುಂಬಿ, ನಿಲ್ಲದೆ ಹತ್ತಿ ಇಳಿಯಿರಿ. ಜನ ಹತ್ತುವುದನ್ನೇ ಅಭ್ಯಾಸ ಮಾಡ್ತಾರೆ, ಮಂಡಿ ಹಿಡಿಯುವುದು ಇಳಿಯುವಾಗ. ರಾಯಚೂರು ಕೋಟೆ ಗುಡ್ಡ, ಕೊಪ್ಪಳದ ಕೋಟೆ, ಬಳ್ಳಾರಿ ಗುಡ್ಡ, ನಿಮಗೆ ಹತ್ತಿರ ಇರುವ ಯಾವುದಾದರೂ ಸರಿ. ಮೆಟ್ಟಿಲು ಬೇಸರ ಬಂದರೆ ಹಿರೇಬೆಣಕಲ್ ಕಡೆ ಹೋಗಿ, ಬಂಡೆ ಮೇಲೆ ನಡೆದು ಕಾಲಿಗೆ ಸಮತೋಲ ಬರುತ್ತೆ. ಸಾವಿರಾರು ವರ್ಷದ ಕಲ್ಲಿನ ಮನೆಗಳನ್ನೂ ನೋಡಿದಂತಾಯಿತು. ಮೋರ್ಯರ ಮನೆ ಅಂತಾರೆ ಜನ.

ಕೊಪ್ಪಳದಾಕಿ
ಕತ್ತಲಲ್ಲಿ ಒಬ್ಬರೇ ಆನೆಗುಂದಿ ಗುಡ್ಡ ಹತ್ತಬೇಡಿ ಮಾತ್ರ. ಚಿರತೆ ಇದೆ. ಬೆಳಕು ಹರಿದ ಮೇಲೆ ಹೋಗಿ, ಏಳೂವರೆಗೆ ಇಳಿದುಬಿಡಿ. ಮಾರ್ಚ್‌ನಲ್ಲಿ ಒಂಬತ್ತು ಗಂಟೆಗೇ ಬಂಡೆ ಕಾಯ್ದಿರುತ್ತೆ, ಸಂಜೆ ಏಳಾದರೂ ಕೆಳಗಿಂದ ಬಿಸಿ ಹೊಡೆಯುತ್ತೆ.

ರಾಯಚೂರು ಬಿಸಿಲು
ಇದನ್ನು ಒಪ್ಪಿದೆ. ನಮ್ಮ ಬಿಸಿಲಲ್ಲಿ ಗುಡ್ಡ ಹತ್ತಿದವನಿಗೆ ಯಾವ ಬೆಟ್ಟವೂ ದೊಡ್ಡದಲ್ಲ.

ವಿಜ್ಞಾನ ಟೀಚರ್ ಮಸ್ಕಿ
ಬಿಸಿಲಿನ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರೋದಿಲ್ಲ ಸರ್. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತೆ. ಡೆಹ್ರಾಡೂನ್‌ನಲ್ಲಿ 32 ಇದ್ದರೆ ತುಂಗನಾಥದಲ್ಲಿ ಹಗಲಲ್ಲೇ 12, 13. ಅದು ಗಾಳಿ ಇಲ್ಲದಿದ್ದರೆ.

ಕೌಲ್ ಬಜಾರ್ ಹುಡುಗ
ಊಟಕ್ಕೆ ಏನು ಒಯ್ತೀರಿ ಸರ್?

ಸಿಂಧನೂರು ಮೇಷ್ಟ್ರು
ಮನೆಯವರು ಈಗಲೇ ಲಿಸ್ಟ್ ಮಾಡಿದ್ದಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಂಟಿನ ಉಂಡಿ.

ಕೊಪ್ಪಳದಾಕಿ
ರೊಟ್ಟಿಯನ್ನು ಬ್ಯಾಗಿನಲ್ಲಿ ಹಾಗೇ ಇಟ್ಟರೆ ಮೇಲೆ ಹೋಗುವಷ್ಟರಲ್ಲಿ ಪುಡಿ ಪುಡಿ. ನಾವು ಸ್ಟೀಲ್ ಡಬ್ಬಿಗೆ ಅಳತೆ ಮಾಡಿ ಸಣ್ಣ ರೊಟ್ಟಿ ತಟ್ಟಿಸಿಕೊಂಡು ಹೋಗಿದ್ದೆವು. ತುಂಗನಾಥದ ಹತ್ತಿರ ಚಹಾ ಅಂಗಡಿಯವನಿಗೆ ಒಂದು ಕೊಟ್ಟೆ. ಪಾಪಡ್ ಅಂದ್ಕೊಂಡು ತಿಂದು ಇನ್ನೊಂದು ಕೇಳಿದ. ಅಂಗಡಿಗಳು ಗುಡಿ ಬಾಗಿಲು ತೆರೆಯುವ ಮುಂಚೆ ಎಲ್ಲವೂ ಇರೋದಿಲ್ಲ, ಅದೂ ಗೊತ್ತಿರಲಿ. ಚಳಿಗಾಲದಲ್ಲಿ ಮುಚ್ಚಿದ ತುಂಗನಾಥದ ಬಾಗಿಲು ಏಪ್ರಿಲ್ ಕೊನೆಗೋ ಮೇನಲ್ಲೋ ತೆರೆಯೋದು. ನೀವು ಹೋದಾಗ ಹೊರಗಿಂದಲೇ ಕೈ ಮುಗಿಯಬೇಕಾಗಬಹುದು.

ಸಿಂಧನೂರು ಮೇಷ್ಟ್ರು
ಅಮ್ಮನಿಗೆ ಇದು ಹೇಳಬಾರದು. ಪ್ರಸಾದ ತಾ ಅಂದಿದ್ದಾಳೆ.

ಹಳೇ ಗಾರ್ಡ್
ರಿಟೈರ್ಡ್ ರೈಲ್ವೆಯವನು ನಾನು. ಮೇಷ್ಟ್ರೇ, ಬಾಗಿಲು ತೆರೆಯಲಿ ಅಂತ ತಡ ಮಾಡಬೇಡಿ. ಅಕ್ಷಯ ತೃತೀಯಕ್ಕೆ ಗಂಗೋತ್ರಿ, ಯಮುನೋತ್ರಿ ತೆರೆಯುತ್ತೆ, ಅದರ ಹಿಂದೆಯೇ ಕೇದಾರ. ಆಮೇಲೆ ಋಷಿಕೇಶದಿಂದ ರುದ್ರಪ್ರಯಾಗದ ರಸ್ತೆ ಗಾಡಿಗಳಿಂದ ತುಂಬಿಹೋಗುತ್ತೆ. ನಿಮಗೂ ಚೋಪ್ತಾಕ್ಕೆ ಅದೇ ರಸ್ತೆ.

ನಿಮಗೆ ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ದೆಹಲಿಗೆ. ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರ್ 1ರಿಂದ 60 ದಿನ ಮಾತ್ರ. ಬೆಳಿಗ್ಗೆ 8ಕ್ಕೆ ತೆರೆಯುತ್ತೆ, ರಜೆ ಸಮಯ, ಐದು ನಿಮಿಷ ತಡ ಮಾಡಿದರೆ ವೇಟಿಂಗ್. ತಾರೀಖು ಸರಿ ನೋಡಿ ಹಾಕಿ. ಗಾಡಿ ಸಂಜೆ ಬೆಂಗಳೂರು ಬಿಟ್ಟು ರಾಯಚೂರಿಗೆ ಬರೋದು ಮಧ್ಯರಾತ್ರಿ ದಾಟಿದ ಮೇಲೆ. ಇದೇ ಲೆಕ್ಕದಲ್ಲಿ ಎಷ್ಟೋ ಜನ ಒಂದು ದಿನ ತಡವಾಗಿ ಸ್ಟೇಷನ್‌ಗೆ ಬಂದು ಪ್ಲಾಟ್‌ಫಾರ್ಮ್ ಮೇಲೆ ಜಗಳ ಆಡಿದ್ದನ್ನು ನೋಡಿದ್ದೇನೆ.

ಸಿಂಧನೂರು ಮೇಷ್ಟ್ರು
ಅಂದರೆ 14ನೇ ತಾರೀಖು ರಾತ್ರಿ ಊಟ ಮಾಡಿ ಸಿಂಧನೂರು ಬಿಟ್ಟರೆ, ಟಿಕೆಟ್ 15ರದ್ದಾ?

ಹಳೇ ಗಾರ್ಡ್
15ರದ್ದು. ಊಟ ಮಾತ್ರ 14ರದ್ದು.

ಮಿರ್ಚಿ ಒಗ್ಗರಣಿ
ಲೋವರ್ ಬರ್ತ್ ನಾಲ್ಕೂ ಕೇಳಬೇಡಿ ಸರ್, ಸಿಗೋದಿಲ್ಲ. ಮೇಲಿನ ಬರ್ತ್ ಹತ್ತೋದನ್ನೂ ಪ್ರಾಕ್ಟೀಸ್ ಅಂದ್ಕೊಳ್ಳಿ.